ಅಂತೆ

ಎಸ್.ಪಿ. ರೋಡಿನ ಒಳಗಲ್ಲಿ. ಮೆಟ್ಟಿಲು ಇಷ್ಟೇ ಅಗಲ,
ಇಳಿಯುವವರು ಇಳಿದ ಮೇಲೆ ಹತ್ತುವವರು.
ಮೇಲೆ ನನ್ನ ಮೇಜು: ಬಿಸಿಗಾಳಿ ಗನ್ನು, ಭೂತಗನ್ನಡಿ,
ಮನೆಮಂದಿ ಹಲ್ಲುಜ್ಜಿ ಬಿಟ್ಟ ನಾಲ್ಕು ಬ್ರಷ್ಷು.
ಸತ್ತ ಕಾರ್ಡುಗಳು ಇಲ್ಲಿಗೆ ಬರುತ್ತವೆ.
ಹುಟ್ಟದ ಕಾರ್ಡುಗಳ ಸುದ್ದಿಯೂ.

ಶನಿವಾರ ಯತಿರಾಜ ಬರುತ್ತಾನೆ ಶ್ರೀರಾಂಪುರದಿಂದ,
ಹೆಲ್ಮೆಟ್ಟು ತೆಗೆಯುವ ಮೊದಲೇ ಶುರು:
"ಇಪ್ಪತ್ತನಾಲ್ಕು ಜೀಬಿಯಂತೆ ಮಾಮ.
ಫ್ಯಾನು ಮೂರಂತೆ.
ಒಂದು ಮೊಳ ಉದ್ದವಂತೆ,
ಆರುನೂರು ವ್ಯಾಟು ಕುಡಿಯುತ್ತಂತೆ."
ಯಾರು ಹೇಳಿದ್ದೋ?
"ಎಲ್ಲರೂ ಹೇಳ್ತಾರೆ."

ಕನ್ನಡದ ಮಾತಿಗೆ ಈ ಪುಟ್ಟ ಬಾಲ ಸಾಕು,
ಆಡಿದವನು ಕೈ ತೊಳೆದುಕೊಳ್ಳಲು.
ಬಂತು ಎಂದವನು ತಂದು ತೋರಿಸಬೇಕು.
ಬಂತಂತೆ ಎಂದವನಿಗೆ
ನಾವೇ ಚಹಾ ಕುಡಿಸುತ್ತೇವೆ.

ಅವನ ಮನೆಯಲ್ಲಿ ಅಮ್ಮ ಗ್ರೈಂಡರ್ ಹಾಕಿದರೆ
ಗೀಸರ್ ಆರಿಸಬೇಕು, ಇಲ್ಲವೇ ಇಡೀ ವಠಾರ ಕತ್ತಲೆ.
ಆರುನೂರು ವ್ಯಾಟು ಎಲ್ಲಿಂದ ತರ್ತೀಯ ಅಂದೆ.
"ರಾತ್ರಿ ಆಡ್ತೀನಿ, ಎಲ್ಲ ಮಲಗಿದ ಮೇಲೆ."
ಎರಡು ವರ್ಷದಿಂದ ಕೂಡಿಡುತ್ತಿದ್ದಾನೆ.
ದುಡ್ಡು ಸರಿಹೋದ ವಾರವೇ
ಮುಂದಿನದರ ಸುದ್ದಿ ಬಂದು ಹೆಗಲ ಮೇಲೆ ಕೈಯಿಡುತ್ತದೆ:
ತಡಿ.

ಕೆಳಗೆ ಮಾಂಗಿಲಾಲ್ ಸೇಠರ ಗಾಜಿನ ಬೀರುವಿನಲ್ಲಿ
ಹನ್ನೊಂದು ಕಾರ್ಡು, ಸೀಲು ಒಡೆಯದವು.
ಯಾವುದಕ್ಕೂ ಏನೂ ಆಗಿಲ್ಲ.
ಆದರೂ ದಿನಕ್ಕೆ ಇನ್ನೂರು, ಮುನ್ನೂರು ಸವೆಯುತ್ತಿವೆ.
ಇಲ್ಲದ ಕಾರ್ಡು ಇರುವ ಕಾರ್ಡಿನ ಬೆಲೆ ತಿನ್ನುವುದನ್ನು
ಕಣ್ಣಾರೆ ಕಂಡಿದ್ದೇನೆ.
ಸ್ಟಿಕರಿನ ಮೇಲೆ ಸ್ಟಿಕರು, ಅದರ ಮೇಲೊಂದು ಸ್ಟಿಕರು,
ಬೆಳಗ್ಗೆ ಕರ್ಪೂರದ ಹೊಗೆ ತೋರಿಸುವಾಗ ಸೇಠರು
ಆ ಕಡೆ ನೋಡುವುದೇ ಇಲ್ಲ.

ಈಗ ನನ್ನ ತಪ್ಪು ಹೇಳಿಬಿಡುತ್ತೇನೆ.

ಮಂಗಳವಾರ ಕರೆಂಟಿರಲಿಲ್ಲ. ಕೈ ಖಾಲಿ.
ಚಹಾ ತಂದ ಮುನಿಚಂದ್ರ ಕೇಳಿದ,
"ಹೊಸದರಲ್ಲಿ ಮೆಮೊರಿ ಎಷ್ಟಣ್ಣ?"
ಅವನಿಗೆ ಕಾರ್ಡು ಬೇಕಿರಲಿಲ್ಲ, ಮಾತು ಬೇಕಿತ್ತು.
ಮುಚ್ಚಳದಲ್ಲಿ ಆಗಷ್ಟೇ ಎಣಿಸಿಟ್ಟ ಸ್ಕ್ರೂಗಳಿದ್ದವು.
"ಮೂವತ್ತಾರು" ಅಂದೆ.

ಸುಳ್ಳು ಖಾಲಿ ಲೋಟಗಳ ಜೊತೆ ಮೆಟ್ಟಿಲಿಳಿಯಿತು.
ಕೇಬಲ್ ಅಂಗಡಿಯಲ್ಲಿ ಕೂತು, ಜೆರಾಕ್ಸಿನ ಮುಂದೆ ನಿಂತು,
ಟೌನ್‌ಹಾಲ್‌ ತನಕ ನಡೆದು,
ಶನಿವಾರ ಯತಿರಾಜನ ಬಾಯಲ್ಲಿ
ಮೀಸೆ ಬೆಳೆಸಿಕೊಂಡು ವಾಪಸು ಹತ್ತಿ ಬಂತು:
"ಇಪ್ಪತ್ತನಾಲ್ಕಲ್ಲ ಮಾಮ, ಮೂವತ್ತಾರು!
ತೈವಾನ್ ಫ್ಯಾಕ್ಟರಿಯವನೇ ಹೇಳಿದನಂತೆ."

ನಗಬೇಕಿತ್ತು.
"ಹೌದಾ?" ಅಂದೆ.
ದೇವರಾಣೆ, ಒಂದು ಗಳಿಗೆ
ನನಗೇ ಅನ್ನಿಸಿತು,
ನೋಡು, ನಾನು ಮೊದಲೇ ಹೇಳಿದ್ದೆ.

ಅಷ್ಟರಲ್ಲಿ ಟ್ಯಾನರಿ ರೋಡಿನ ಖುರ್ಷಿದಾ,
ಮದುವೆ ವಿಡಿಯೊ ಜೋಡಿಸುವವಳು,
ಟವೆಲಿನಲ್ಲಿ ಸುತ್ತಿದ ಕಾರ್ಡು ಮೇಜಿನ ಮೇಲಿಟ್ಟಳು,
ಜ್ವರ ಬಂದ ಮಗುವಿನ ಹಾಗೆ.
"ನಾಳೆ ವಲೀಮಾದ ವಿಡಿಯೊ ಕೊಡಬೇಕು.
ನಾಳೆ ಸಂಜೆವರೆಗೆ ಬದುಕಿದರೆ ಸಾಕು."
ಮುಂದೆ ಏನು ಬರುತ್ತದೆ ಎಂದು ಕೇಳಲಿಲ್ಲ.

ಬಿಚ್ಚಿದೆ. ಕೈಯಿಂದ ಕೈಗೆ ಬಂದ ಕಾರ್ಡು.
ಹೀಟ್‌ಸಿಂಕಿನ ಸಂದಿಯಲ್ಲಿ ಕುಂಕುಮ,
ಯಾರದೋ ಮನೆಯ ಯಾವುದೋ ಆಯುಧಪೂಜೆಯದ್ದು.
ಬ್ರಷ್ಷಿನಲ್ಲಿ ಧೂಳು ತೆಗೆದೆ,
ಅದೊಂದನ್ನು ಬಿಟ್ಟೆ.
ಚಿಪ್ಪಿಗೆ ಬಿಸಿಗಾಳಿ ಹಿಡಿದು
ಸಾಸಿವೆಗಿಂತ ಸಣ್ಣ ಬೆಸುಗೆಯ ಗುಂಡು ಕರಗುವ ತನಕ
ಮೂವರೂ ಉಸಿರು ಬಿಡಲಿಲ್ಲ.

ಫ್ಯಾನು ಒಮ್ಮೆ ತಡವರಿಸಿ ತಿರುಗಿತು.
ಖುರ್ಷಿದಾ ಟವೆಲಿನಲ್ಲಿ ಮುಖ ಒರೆಸಿಕೊಂಡಳು.
ಯತಿರಾಜ ಬಗ್ಗಿದ. "ಇದೆಷ್ಟು ಜೀಬಿ ಮಾಮ?"
"ಎಂಟು."
"ಎಂಟೇನಾ?"
"ಎಂಟು."
ಬಾಲವಿಲ್ಲದ ಮಾತು
ಆ ಕೋಣೆಯಲ್ಲಿ ಎಷ್ಟು ಗಿಡ್ಡವಾಗಿ ಕೇಳಿಸಿತು.

ಅವಳು ಇಳಿದ ಮೇಲೆ ಅವನೂ ಇಳಿದ.
ಅರ್ಧ ಮೆಟ್ಟಿಲಿನಿಂದ ಕೂಗಿದ:
"ಮೂವತ್ತಾರು ಪಕ್ಕಾ ಆದ್ರೆ ಫೋನ್ ಮಾಡಿ!"

ಮಾಡ್ತೀನಿ ಅಂದೆ.
ಮುಚ್ಚಳದ ಸ್ಕ್ರೂಗಳನ್ನು ಮತ್ತೆ ಎಣಿಸಿದೆ.
ಮೂವತ್ತೈದಿದ್ದವು.